ಬಿಟ್ಟುಹೋದ ಒಂದು ಸಾಲು
(ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ನಾನು ಶಾಲಾ ಮಾಸ್ತರನಾಗಿದ್ದಾಗ ಓಣಿಯ ಜನ ಕಾಗದಪತ್ರ ಏನಿದ್ದರೂ ನನ್ನಲ್ಲಿಗೆ ತರುತ್ತಿದ್ದರು. ಒಮ್ಮೆ, ಗಿರಣಿಯಲ್ಲಿ ದುಡಿದು ಮುಪ್ಪಾದ ಒಬ್ಬ ಅವ್ವ ದಾನಪತ್ರದ ಕರಡು ತಂದು, “ಮಾಸ್ತರ, ಒಮ್ಮೆ ಓದಿ ನೋಡ್ರಿ” ಎಂದರು. ಎರಡು ಖೋಲಿಯ ಮನೆಯನ್ನು ಪ್ರೀತಿ ವಿಶ್ವಾಸದಿಂದ ಮಗನಿಗೆ ಕೊಟ್ಟಿರುವುದಾಗಿ ಅದರಲ್ಲಿ ಬರೆದಿತ್ತು. ನಾನು ಕಾಗುಣಿತ ತಿದ್ದಿ, “ಸರಿಯಾಗಿದೆ ಅವ್ವಾ” ಎಂದೆ. ಎರಡು ವರ್ಷದೊಳಗೆ ಅವರು ಗುಡಿಯ ಕಟ್ಟೆಯ ಮೇಲೆ ಮಲಗುವಂತಾಯಿತು. ಕಾಗುಣಿತ ಸರಿಯಾಗಿತ್ತು, ಇರಬೇಕಾದ ಒಂದು ಸಾಲು ಮಾತ್ರ ಇರಲಿಲ್ಲ. ಆ ಸಾಲಿನ ಮಾತನ್ನೇ ಇಂದು ಹೇಳಬೇಕಾಗಿದೆ.

ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಅದರ 23ನೆಯ ಕಲಮು ಏನು ಹೇಳುತ್ತದೆ? 60 ತುಂಬಿದವರು, “ನನ್ನ ಅನ್ನ, ಬಟ್ಟೆ, ಆರೈಕೆ ನೋಡಿಕೊಳ್ಳಬೇಕು” ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವನು ಆ ಮಾತು ನಡೆಸದಿದ್ದರೆ, ಆ ವರ್ಗಾವಣೆ ಮೋಸದಿಂದಾದದ್ದೆಂದು ಎಣಿಸಿ ರದ್ದು ಮಾಡಿಸಬಹುದು. ಕಾಯಿದೆ ಬಂದ ಮೇಲೆ ಮಾಡಿದ ಪತ್ರಗಳಿಗೆ ಮಾತ್ರ ಇದು ಅನ್ವಯ.

ಇನ್ನು ಸುಪ್ರೀಂ ಕೋರ್ಟಿನ ಎರಡು ತೀರ್ಪು ನೋಡಿರಿ. ಹರಿಯಾಣದ ತಾಯಿಯೊಬ್ಬರು ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟು, ಆಮೇಲೆ ಅದು ರದ್ದಾಗಲೆಂದು ಕೇಳಿದರು. ಪೋಷಣೆಯ ಷರತ್ತಿತ್ತೆಂದು ತೋರಿಸಿಲ್ಲ ಎಂದು 2022ರ ಡಿಸೆಂಬರಿನಲ್ಲಿ ಕೋರ್ಟು ಅವರ ವಿರುದ್ಧ ತೀರ್ಪಿತ್ತಿತು. ಮಧ್ಯಪ್ರದೇಶದ ಇನ್ನೊಬ್ಬ ತಾಯಿ 2019ರಲ್ಲಿ ಮಗನಿಗೆ ದಾನಪತ್ರ ಮಾಡಿದ್ದರು. ಕೊನೆಯವರೆಗೂ ನೋಡಿಕೊಳ್ಳುವೆನೆಂಬ ವಚನಪತ್ರವೂ ಕೋರ್ಟಿನ ಮುಂದಿತ್ತು. 2025ರ ಜನವರಿಯಲ್ಲಿ ಅದೇ ಕೋರ್ಟು ದಾನವನ್ನು ರದ್ದುಗೊಳಿಸಿ, ಆಸ್ತಿಯನ್ನು ತಾಯಿಗೆ ಮರಳಿಸಲು ಆಜ್ಞೆ ಮಾಡಿತು. ಒಬ್ಬರ ಕೈಯಲ್ಲಿ ಷರತ್ತಿನ ಕಾಗದವಿತ್ತು, ಇನ್ನೊಬ್ಬರ ಕೈಯಲ್ಲಿ ಇರಲಿಲ್ಲ.

“ಹೊಟ್ಟೆಯಲ್ಲಿ ಹುಟ್ಟಿದವನ ಮೇಲೂ ಷರತ್ತೇ?” ಎಂದು ನೀವು ಕೇಳಬಹುದು. ಅಂಗಡಿಕಾರ ಬಂಧುಗಳೇ, ಉದ್ರಿ ಕೊಟ್ಟಾಗ ವಹಿಯಲ್ಲಿ ಬರೆಯುತ್ತೀರಿ. ಹಾಗೆಂದು ಗಿರಾಕಿ ಕಳ್ಳನೆಂದು ಅರ್ಥವೇ? ಲೆಕ್ಕ ನೆಟ್ಟಗಿದ್ದರೆ ನಂಟೂ ಉಳಿಯುತ್ತದೆ.

ದಾನಪತ್ರವೇ ಬೇಕೆಂದೂ ಇಲ್ಲ. ಮರಣಶಾಸನ ಬರೆದರೆ, ನೀವು ಇರುವತನಕ ಮನೆ ನಿಮ್ಮದೇ; ಮನಸ್ಸು ಬದಲಾದರೆ ಮತ್ತೆ ಬರೆಯಬಹುದು. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

ಕೊಡಲು ಮನೆಯೇ ಇಲ್ಲದವರಿಗೂ ಈ ಕಾಯಿದೆಯಲ್ಲಿ ದಾರಿಯಿದೆ. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ, ದುಡಿಯುವ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಯವರೆಗೆ ಪೋಷಣೆ ಕೇಳಬಹುದು. ನೋಡಿಕೊಳ್ಳಬೇಕಾದವನೇ ಹಿರಿಯರನ್ನು ಬೀದಿಗೆ ಬಿಟ್ಟರೆ 3 ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಆ ಅವ್ವನ ಅರ್ಜಿಯನ್ನು ಆಮೇಲೆ ನಾನೇ ಬರೆದೆ. ತಿಂಗಳ ಹಣಕ್ಕೆ ಆದೇಶವಾಯಿತು. ಮನೆ ಮಾತ್ರ ಬರಲಿಲ್ಲ. ಆದುದರಿಂದ ಕೈಮುಗಿದು ಹೇಳುತ್ತೇನೆ: ಹೆಬ್ಬೆಟ್ಟು ಒತ್ತುವ ಮುನ್ನ ಪತ್ರವನ್ನು ಓದಿಸಿರಿ. ಓದುವವರೇ, ನೀವು ಕಾಗುಣಿತವನ್ನಷ್ಟೇ ನೋಡಬೇಡಿರಿ. ಆ ಒಂದು ಸಾಲು ಇದೆಯೇ ಎಂದು ಹುಡುಕಿರಿ.