ಪಸೆ ನೋಡುವ ಕೈ



ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಬಗ್ಗೆ ಮಾತಾಡಬೇಕೆಂದು ಸಂಘದವರು ಕೇಳಿದಾಗ, ನಮ್ಮ ಅಜ್ಜನ ಬಗ್ಗೆ ಮಾತಾಡಲೇ ಎಂದು ಕೇಳಿದೆ. ಒಪ್ಪಿದರು. ಅವರಿಗೆ ನಾನು ಋಣಿ.

ಕಾರ್ಖಾನೆಯ ಕಥೆ ಇಲ್ಲಿರುವ ಬಹಳ ಜನಕ್ಕೆ ಗೊತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1923ರಲ್ಲಿ ಅದು ಶುರುವಾಯಿತು. ವಿಶ್ವೇಶ್ವರಯ್ಯನವರು ಮುಂದೆ ನಿಂತು ಅದನ್ನು ದಡ ಹತ್ತಿಸಿದರು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕಲ್ಲಿದ್ದಲು ನಮ್ಮ ಕಡೆ ಇಲ್ಲವಲ್ಲ, ಮಲೆನಾಡಿನ ಮರ ಸುಟ್ಟ ಇದ್ದಿಲಿನಲ್ಲೇ ಕಬ್ಬಿಣ ಕರಗಿಸಿದರು. ಜೋಗದ ಕರೆಂಟು ಬಂದ ಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಗಳು ಬಂದವು. ಅಜ್ಜ ಕೆಲಸಕ್ಕೆ ಸೇರಿದ್ದು ಆಗ. ಇಪ್ಪತ್ತೆರಡು ವರ್ಷದ ಹುಡುಗ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು.

ಅವನ ಕೆಲಸ ಏನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುಲುಮೆಯ ಬುಡದಲ್ಲಿ ಒಂದು ತೂತು ಇರುತ್ತದೆ. ಅದನ್ನು ಜೇಡಿಮಣ್ಣಿನ ಮುದ್ದೆ ಹೊಡೆದು ಮುಚ್ಚಿರುತ್ತಾರೆ. ಒಳಗೆ ಕಬ್ಬಿಣ ಕರಗಿ ನಿಂತ ಮೇಲೆ ಆ ತೂತು ತೆರೆದು, ಮರಳು ಬಳಿದ ಕಾಲುವೆಯಲ್ಲಿ ಹರಿಯಬಿಡುತ್ತಾರೆ. ಆ ಕಾಲುವೆಯಲ್ಲಿ ಒಂದು ಹಿಡಿಯಷ್ಟು ಜಾಗದಲ್ಲಿ ಪಸೆ ಉಳಿದಿದ್ದರೂ ಸಾಕು. ಕಬ್ಬಿಣ ಮೇಲೆ ಹರಿದ ಕೂಡಲೇ ನೀರು ಆವಿಯಾಗಿ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ, ಕೆಂಡದಂಥ ಕಬ್ಬಿಣ ಸಿಡಿದು ಸುತ್ತ ನಿಂತವರ ಮೈಮೇಲೆ ಬೀಳುತ್ತದೆ. ಆಷಾಢದ ಭದ್ರಾವತಿಯಲ್ಲಿ ಪಸೆ ಇಲ್ಲದ ಜಾಗ ಎಲ್ಲಿದೆ, ಹೇಳಿ. ಅದಕ್ಕೇ ಕಾಲುವೆಗೆ ಬೆಂಕಿ ಹಾಕಿ ಒಣಗಿಸುತ್ತಿದ್ದರು. ಹಾರೆಯ ತುದಿಯನ್ನೂ ಕಾಯಿಸಿಕೊಂಡೇ ಮುಂದೆ ಹೋಗುತ್ತಿದ್ದರು. ಒಣಗಿದೆಯೋ ಇಲ್ಲವೋ ಎಂದು ನೋಡುವವರಲ್ಲಿ ಅಜ್ಜನೂ ಒಬ್ಬ.

ಹೇಗೆ ನೋಡುತ್ತಿದ್ದೆ ಎಂದು ಒಮ್ಮೆ ಕೇಳಿದ್ದೆ. ಕೈ ತಿರುಗಿಸಿ, ಅದರ ಹಿಂಬದಿಯನ್ನು ನನ್ನ ಕೆನ್ನೆಗೆ ತಾಗಿಸಿದ. “ಅಂಗೈಗೆ ಗೊತ್ತಾಗಲ್ಲ ಮಗಾ, ಜಡ್ಡುಗಟ್ಟಿರುತ್ತೆ. ಹಿಂಬದಿಗೆ ಗೊತ್ತಾಗುತ್ತೆ.”

ಆ ಕೈ ಮನೆಗೂ ಬರುತ್ತಿತ್ತು. ಮಳೆಗಾಲದಲ್ಲಿ ನಮ್ಮ ಸ್ಕೂಲ್ ಯೂನಿಫಾರ್ಮನ್ನು ಅಜ್ಜಿ ಒಲೆಯ ಮೇಲೆ ಹಗ್ಗ ಕಟ್ಟಿ ಒಣಹಾಕುತ್ತಿದ್ದಳು. ಫಸ್ಟ್ ಶಿಫ್ಟ್ ಇದ್ದ ವಾರ ಆರಕ್ಕೆ ಒಳಗಿರಬೇಕು. ಅಜ್ಜ ಐದು ಗಂಟೆಗೆ ಸೈಕಲ್ ಹೊರಗಿಡುವ ಮುಂಚೆ ಒಂದೊಂದೇ ಬಟ್ಟೆಯ ಕಾಲರು, ಜೇಬಿನ ಹೊಲಿಗೆ, ಸೊಂಟದ ಪಟ್ಟಿ ಮುಟ್ಟಿ ನೋಡುತ್ತಿದ್ದ. ಎಲ್ಲಿ ದಪ್ಪವೋ ಅಲ್ಲಿ ನೀರು ಕೂತಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಪಸೆ ಸಿಕ್ಕಿದ್ದನ್ನು ಬೆಂಕಿಯ ಹತ್ತಿರಕ್ಕೆ ಸರಿಸಿ ಹೋಗುತ್ತಿದ್ದ. ಅವನ ಅಂಗಿಗಳ ತುಂಬ ಕಿಡಿ ಬಿದ್ದು ಆದ ಸಣ್ಣ ಸಣ್ಣ ತೂತು. ನಮ್ಮ ಬಟ್ಟೆ ಮಾತ್ರ ಬೆಚ್ಚಗಿರಬೇಕು.

ಅಪ್ಪನ ನೆನಪು ಇನ್ನೂ ಹಿಂದಿನದು. ಸೆಕೆಂಡ್ ಶಿಫ್ಟಿನ ವಾರಗಳಲ್ಲಿ ಅಪ್ಪ ಶಾಲೆಯಿಂದ ಬರುವಷ್ಟರಲ್ಲಿ ಅಜ್ಜ ಹೊರಟುಹೋಗಿರುತ್ತಿದ್ದ, ಅಜ್ಜ ಬರುವಷ್ಟರಲ್ಲಿ ಮಕ್ಕಳು ಮಲಗಿರುತ್ತಿದ್ದರು. ರಾತ್ರಿ ಹತ್ತೂವರೆಗೆ ಹಿತ್ತಲಲ್ಲಿ ಕೈಕಾಲು ತೊಳೆದ ಸದ್ದು, ಆಮೇಲೆ ಕತ್ತಿನ ಮೇಲೆ ಕೈಯ ಹಿಂಬದಿ. ಜ್ವರ ಇದೆಯೇ ನೋಡುತ್ತಿದ್ದದ್ದು. ಆ ಕೈಗೋಸ್ಕರವೇ ಎಷ್ಟೋ ರಾತ್ರಿ ನಿದ್ದೆ ಬಂದವನ ಹಾಗೆ ಮಲಗಿರುತ್ತಿದ್ದೆ ಎಂದು ಅಪ್ಪ ಎಪ್ಪತ್ತು ದಾಟಿದ ಮೇಲೆ ಹೇಳಿದರು. ಎದ್ದು ಮಾತಾಡಿಸಬಾರದಿತ್ತೇ ಎಂದೆ. “ಎಚ್ಚರ ಇದ್ರೆ ಮುಟ್ತಾ ಇರ್ಲಿಲ್ಲ,” ಅಂದರು.

ಆ ತಲೆಮಾರಿನ ಗಂಡಸರಿಗೆ ಪ್ರೀತಿ ತೋರಿಸಲು ಬರುತ್ತಿರಲಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ತನ್ನ ಜೊತೆಯವರ ಜೀವ ಕಾಯಲು ಕಲಿತ ವಿದ್ಯೆಯನ್ನೇ ಅಜ್ಜ ನಮಗೂ ಬಳಸಿದ. ಅವನಿಗೆ ಗೊತ್ತಿದ್ದ ಅತ್ಯಂತ ದೊಡ್ಡ ವಿದ್ಯೆ ಅದು.

ನೈಟ್ ಶಿಫ್ಟ್ ಇದ್ದಾಗ ಹಗಲಿಡೀ ಮನೆಯಲ್ಲಿ ಪಿಸುಮಾತು. “ಅಜ್ಜ ಮಲಗಿದಾರೆ, ಸುಮ್ನಿರ್ರೋ,” ಎಂದು ಅಜ್ಜಿ. ಒಗ್ಗರಣೆ ಹಾಕುವಾಗಲೂ ಬಾಗಿಲು ಮುಂದೆ ಮಾಡುತ್ತಿದ್ದಳು. 1988ರಲ್ಲಿ ಅಜ್ಜ ನಿವೃತ್ತನಾದ. ಮರುವರ್ಷ ಕಾರ್ಖಾನೆ ರಾಜ್ಯದ ಕೈಯಿಂದ ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. ಸೈರನ್ ಕೂಗಿದರೆ ಅಜ್ಜ ಆಮೇಲೂ ಎದ್ದು ಕೂರುತ್ತಿದ್ದ.

ಅವನ ಕೊನೆಯ ಮಳೆಗಾಲದ ಮಾತು ಹೇಳಿ ಮುಗಿಸುತ್ತೇನೆ. ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ಮೂರು ವರ್ಷದ ನನ್ನ ಮಗಳು ಅಂಗಳದಲ್ಲಿ ನೆನೆದು ಬಂದಳು. ತಲೆ ಒರೆಸಿ, ಒಣಬಟ್ಟೆ ಹಾಕಿ, ಮಂಚದ ಹತ್ತಿರ ಕಳಿಸಿದೆ. ಅಜ್ಜ ಕೈ ತಿರುಗಿಸಿದ. ಬೆರಳ ಗಿಣ್ಣುಗಳನ್ನು ಅವಳ ಕೂದಲೊಳಗೆ ಮೆಲ್ಲನೆ ತೂರಿಸಿ, ನೆತ್ತಿಯ ಹತ್ತಿರ ಸ್ವಲ್ಪ ಹೊತ್ತು ಹಾಗೇ ಇಟ್ಟ.

“ಬುಡದಲ್ಲಿ ಇನ್ನೂ ಪಸೆ ಇದೆ,” ಅಂದ. “ಇನ್ನೊಂದ್ಸಲ ಒರೆಸು.”

ಒರೆಸಿದೆ.