ಹೊಸ ಹುಡುಗ: ಇಂದೇ ಕಣಕ್ಕೋ, ಇನ್ನಷ್ಟು ದಿನ ಬೆಂಚಿಗೋ?



ತಾಲ್ಲೂಕು ಕ್ರೀಡಾಕೂಟದ ದಿನಗಳಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕರಲ್ಲಿ ಯಾವ ಮೈದಾನಕ್ಕೆ ಹೋದರೂ ಒಂದು ದೃಶ್ಯ ತಪ್ಪದೆ ಕಾಣುತ್ತದೆ. ಕಬಡ್ಡಿ ಅಂಕಣದೊಳಗೆ ಏಳು ಮಂದಿ ಆಡುತ್ತಿರುತ್ತಾರೆ. ಗೆರೆಯ ಆಚೆ ಐದು ಮಂದಿ ಮಂಡಿ ಮಡಿಸಿ ಕುಳಿತಿರುತ್ತಾರೆ. ಆ ಐವರಲ್ಲಿ ಒಬ್ಬನಾದರೂ ಆ ವರ್ಷವೇ ತಂಡಕ್ಕೆ ಸೇರಿದವನು. ಮೈಯಲ್ಲಿ ಹೊಸ ಜೆರ್ಸಿ, ಕಣ್ಣೆಲ್ಲಾ ಶಿಕ್ಷಕರ ಮುಖದ ಮೇಲೆ. 'ಎದ್ದು ಬಾ' ಎಂಬ ಎರಡು ಪದಕ್ಕಾಗಿ ಅವನು ಕಾಯುತ್ತಿರುತ್ತಾನೆ.

ಅವನನ್ನು ಎಬ್ಬಿಸಬೇಕೇ, ಇನ್ನಷ್ಟು ದಿನ ಕೂರಿಸಬೇಕೇ? ಈ ಪ್ರಶ್ನೆಗೆ ನಾನು ಒಮ್ಮೆ ತಪ್ಪು ಉತ್ತರ ಕೊಟ್ಟಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ದೈಹಿಕ ಶಿಕ್ಷಣದ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಬಳಿ ಒಬ್ಬ ಹುಡುಗನಿದ್ದ. ನಾಗಮಂಗಲದ ಕಡೆಯ ಹಳ್ಳಿಯವನು. ದಾಳಿಗೆ ಬಂದವನ ಪಾದ ಹಿಡಿದರೆ ಬಿಡುತ್ತಿರಲಿಲ್ಲ. ಆದರೂ 'ಇನ್ನೂ ಮಾಗಲಿ' ಎಂದು ಇಡೀ ವರ್ಷ ಅವನನ್ನು ಗೆರೆಯಾಚೆ ಕೂರಿಸಿದೆ. ಆಡುವವರಿಗೆ ನೀರು ಕೊಡುವುದು, ಅವರ ಅಂಗಿ ಕೈಗಡಿಯಾರ ಕಾಯುವುದು, ಇದೇ ಅವನ ಕೆಲಸವಾಯಿತು. ಮುಂದಿನ ಜೂನ್ ತಿಂಗಳಲ್ಲಿ ಅವನು ಮೈದಾನಕ್ಕೆ ಬರಲಿಲ್ಲ. ಹೇಳಿಕಳುಹಿಸಿ ಕೇಳಿದೆ. "ಬರೀ ಶರ್ಟ್ ಕಾಯಾಕೆ ಬರ್ಬೇಕಾ ಸಾ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗ ಮಾಗಲಿ ಎಂದು ನಾನು ಹೇಳುತ್ತಿದ್ದೆನೇ ಹೊರತು, ಮಾಗಲು ಬೇಕಾದದ್ದೇನನ್ನೂ ಅವನಿಗೆ ಕೊಟ್ಟಿರಲಿಲ್ಲ.

ಹಾಗಾದರೆ ಮೊದಲ ದಿನವೇ ಇಳಿಸಬೇಕಿತ್ತೇ? ಹೌದು ಎನ್ನುವವರು ಜಿ. ಆರ್. ವಿಶ್ವನಾಥ್ ಅವರ ಕಡೆ ಕೈ ತೋರಿಸುತ್ತಾರೆ. 1969ರ ನವೆಂಬರ್, ಕಾನ್ಪುರ, ಎದುರಾಳಿ ಆಸ್ಟ್ರೇಲಿಯಾ. ಭದ್ರಾವತಿಯಲ್ಲಿ ಹುಟ್ಟಿದ, ಇಪ್ಪತ್ತು ವರ್ಷದ, ಗಿಡ್ಡ ಮೈಕಟ್ಟಿನ ಈ ಯುವಕ ತನ್ನ ಮೊದಲ ಟೆಸ್ಟಿನ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದರು. ಎರಡನೆಯ ಇನಿಂಗ್ಸ್‌ನಲ್ಲಿ 137 ಹೊಡೆದರು. ಕಥೆ ಸೊಗಸಾಗಿದೆ. ಆದರೆ ಇದನ್ನು ಹೇಳುವವರು ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. 1967ರಲ್ಲಿಯೇ ಮೈಸೂರು ರಾಜ್ಯ ತಂಡದ ಪರವಾಗಿ ಮೊದಲ ರಣಜಿ ಪಂದ್ಯದಲ್ಲಿ ಆಂಧ್ರದ ವಿರುದ್ಧ ಅವರು 230 ರನ್ ಗಳಿಸಿದ್ದರು. ಅಂದರೆ ಕಾನ್ಪುರಕ್ಕೆ ಬರಿಗೈಯಲ್ಲಿ ಬಂದವರಲ್ಲ. ಎರಡನೆಯದು, ಟೆಸ್ಟ್ ಪಂದ್ಯದಲ್ಲಿ ಎರಡು ಇನಿಂಗ್ಸ್ ಇರುತ್ತದೆ. ಸೊನ್ನೆ ಹೊಡೆದವನಿಗೂ ಮತ್ತೊಮ್ಮೆ ಪ್ಯಾಡ್ ಕಟ್ಟುವ ಅವಕಾಶ ಆಟದ ನಿಯಮದಲ್ಲೇ ಇದೆ.

ನಮ್ಮ ತಾಲ್ಲೂಕು ಪಂದ್ಯಗಳಲ್ಲಿ ಆ ಅನುಕೂಲವೆಲ್ಲಿದೆ? ಸಾಮಾನ್ಯವಾಗಿ ನಾಕೌಟ್ ಕ್ರಮ. ಒಂದು ಪಂದ್ಯ ಸೋತರೆ ಬಸ್ಸು ಹತ್ತಬೇಕು. ಹೀಗಿರುವಾಗ ಶಿಕ್ಷಕನಿಗೆ ಹೊಸಬನನ್ನು ಇಳಿಸಲು ಧೈರ್ಯ ಬರುವುದಿಲ್ಲ. ಇಳಿಸಿ ಸೋತರೆ ಆ ಸೋಲಿನ ಹೊರೆಯೆಲ್ಲ ಹದಿನಾರು ವರ್ಷದ ಹುಡುಗನ ಹೆಗಲ ಮೇಲೆ ಬೀಳುತ್ತದೆ. ಊರಿನವರು ವರ್ಷಗಟ್ಟಲೆ ನೆನಪಿಸುತ್ತಾರೆ, ಹಬ್ಬ ಹುಣ್ಣಿಮೆಯಲ್ಲೂ ಬಿಡುವುದಿಲ್ಲ!

ಎರಡನೆಯ ಅವಕಾಶದ ಬೆಲೆ ಎಷ್ಟೆಂಬುದಕ್ಕೆ ನಿಮ್ಮ ಕಾಲದ್ದೇ ಉದಾಹರಣೆ ಇದೆ. 2014ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಕೆ. ಎಲ್. ರಾಹುಲ್ ಮೊದಲ ಟೆಸ್ಟ್ ಆಡಿದಾಗ ಗಳಿಸಿದ್ದು 3 ಮತ್ತು 1. ಕೆಲವೇ ದಿನಗಳ ನಂತರ ಸಿಡ್ನಿಯಲ್ಲಿ ಮತ್ತೆ ಆಡಿಸಿದರು. 110 ಬಂತು.

ಇನ್ನು ಕಾಯುವ ದಾರಿ. ನಮ್ಮ ನೆರೆಯ ಮೈಸೂರಿನ ಜಾವಗಲ್ ಶ್ರೀನಾಥ್ ಅವರನ್ನೇ ನೋಡಿ. ರಣಜಿಯ ಮೊದಲ ಪಂದ್ಯದಲ್ಲೇ ಹೈದರಾಬಾದ್ ವಿರುದ್ಧ ಹ್ಯಾಟ್ರಿಕ್ ಪಡೆದವರು. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಆದರೆ ಸ್ವದೇಶದ ನೆಲದಲ್ಲಿ ಮೊದಲ ಟೆಸ್ಟ್ ಆಡಿದ್ದು 1994ರ ನವೆಂಬರ್‌ನಲ್ಲಿ, ಮುಂಬಯಿಯಲ್ಲಿ. ನಡುವಿನ ವರ್ಷಗಳಲ್ಲಿ ವಿದೇಶಕ್ಕೆ ಹೋದಾಗ ಚೆಂಡು ಕೈಗೆ ಬರುತ್ತಿತ್ತು, ಊರಿಗೆ ಬಂದರೆ ಬೆಂಚು. ಇಲ್ಲಿನ ಪಿಚ್‌ಗಳಲ್ಲಿ ಸ್ಪಿನ್ನರ್‌ಗಳಿಗೇ ಪ್ರಾಧಾನ್ಯ. ವೇಗಿಗಳಿಗೆ ಉಳಿದ ಜಾಗದಲ್ಲಿ ಕಪಿಲ್ ದೇವ್ ಇದ್ದರು. ಹ್ಯಾಡ್ಲಿಯವರ 431 ವಿಕೆಟ್‌ಗಳ ದಾಖಲೆಯ ಹತ್ತಿರ ಬಂದಿದ್ದ ಕಪಿಲ್ ಅವರನ್ನು ಯಾರು ತಾನೇ ಬಿಡುತ್ತಾರೆ? 1994ರಲ್ಲಿ ಆ ದಾಖಲೆ ಮುರಿದು ಕಪಿಲ್ ನಿವೃತ್ತರಾದ ಮೇಲೆಯೇ ಶ್ರೀನಾಥ್ ಅವರಿಗೆ ಇಲ್ಲಿ ಬಾಗಿಲು ತೆರೆಯಿತು. ಕೊನೆಗೆ 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಪಡೆದರು. ಕಾದದ್ದರಿಂದಲೇ ಅವರು ಪಕ್ವವಾದರು ಎನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ವೇಗದ ಬೌಲರನ ಇಪ್ಪತ್ತೆರಡು, ಇಪ್ಪತ್ತಮೂರರ ಪ್ರಾಯ ಮತ್ತೆ ಬರುವಂಥದ್ದಲ್ಲ. ಬ್ಯಾಂಕಿನಲ್ಲಿಟ್ಟು ಆಮೇಲೆ ಬಡ್ಡಿ ಸಮೇತ ತೆಗೆದುಕೊಳ್ಳಲಾಗದ ಹಣ ಅದು.

ಸ್ಪಿನ್ನರ್‌ಗಳ ವಿಚಾರ ಬೇರೆ. ಎರಪಳ್ಳಿ ಪ್ರಸನ್ನ 1962ರ ಜನವರಿಯಲ್ಲಿ ಮದರಾಸಿನಲ್ಲಿ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದವರು, ಇಂಜಿನಿಯರಿಂಗ್ ಓದು ಪೂರೈಸಿ ಟೆಸ್ಟ್ ಕಣಕ್ಕೆ ಮರಳಿದ್ದು 1967ರಲ್ಲಿ. ಐದು ವರ್ಷದ ಬಿಡುವು! ಆದರೂ 49 ಟೆಸ್ಟ್‌ಗಳಲ್ಲಿ 189 ವಿಕೆಟ್. ಅನಿಲ್ ಕುಂಬ್ಳೆ 1990ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್ ಆಡಿದ ಮೇಲೆ ಎರಡು ವರ್ಷ ಹೊರಗಿದ್ದರು. ಆ ಅವಧಿಯಲ್ಲಿ ದೇಶೀ ಪಂದ್ಯಗಳಲ್ಲಿ ಬೌಲ್ ಮಾಡುತ್ತಲೇ ಇದ್ದರು. 1992ರ ಇರಾನಿ ಪಂದ್ಯದಲ್ಲಿ ದೆಹಲಿಯ ವಿರುದ್ಧ 13 ವಿಕೆಟ್ ಕಿತ್ತರು. ಆಯ್ಕೆಗಾರರು ಮತ್ತೆ ಕರೆಯಲೇಬೇಕಾಯಿತು. ಮುಂದಿನದು ನಿಮಗೆ ಗೊತ್ತು, 619 ವಿಕೆಟ್. ಕುಂಬ್ಳೆಯವರ ಕಾಯುವಿಕೆಗೂ ನನ್ನ ಆ ಹುಡುಗನ ಕಾಯುವಿಕೆಗೂ ಇರುವ ಅಂತರ ಇಷ್ಟೇ: ಕುಂಬ್ಳೆ ಭಾರತ ತಂಡದ ಹೊರಗಿದ್ದರು, ಆಟದ ಹೊರಗಿರಲಿಲ್ಲ.

ಈ ಜಗಳ ನಮ್ಮಲ್ಲಷ್ಟೇ ಇದೆ ಎಂದುಕೊಳ್ಳಬೇಡಿ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಎಸೆದು ಆಡುವ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಸ್ಥಾನವಿದೆ. ಚೆಂಡು ಅವನ ಕೈಗೆ ಬಂದ ಎರಡು ಮೂರು ಸೆಕೆಂಡಿನಲ್ಲಿ ಯಾರಿಗೆ ಎಸೆಯಬೇಕೆಂದು ನಿರ್ಧರಿಸಬೇಕು. ಅಷ್ಟರಲ್ಲಿ ದಾಂಡಿಗರು ಮೈಮೇಲೆ ಬೀಳುತ್ತಾರೆ. ಕಾಲೇಜಿನಿಂದ ಬಂದ ಹೊಸಬನಿಗೆ ಈ ಸ್ಥಾನವನ್ನು ತಕ್ಷಣ ಕೊಡಬೇಕೇ ಎಂದು ಅಲ್ಲಿ ಪ್ರತಿವರ್ಷ ವಾದ ನಡೆಯುತ್ತದೆ. ಪೇಟನ್ ಮ್ಯಾನಿಂಗ್ ಎಂಬಾತನನ್ನು 1998ರಲ್ಲಿ ಮೊದಲ ಪಂದ್ಯದಿಂದಲೇ ಆಡಿಸಿದರು. ಆ ಋತುವಿನಲ್ಲಿ ಆತ ಎಸೆದ ಚೆಂಡು 28 ಬಾರಿ ಎದುರಾಳಿಯ ಕೈಸೇರಿತು. ತಂಡ ಹದಿನಾರರಲ್ಲಿ ಹದಿಮೂರು ಪಂದ್ಯ ಸೋತಿತು. ಆದರೂ ಹದಿನಾರನ್ನೂ ಅವನೇ ಆಡಿದ, ಮುಂದೆ ಆ ಆಟದ ಮಹಾನ್ ಆಟಗಾರರಲ್ಲಿ ಒಬ್ಬನಾದ. ಆರನ್ ರಾಜರ್ಸ್ ಎಂಬಾತನಾದರೋ 2005ರಲ್ಲಿ ತಂಡಕ್ಕೆ ಸೇರಿ, ಹಿರಿಯ ಆಟಗಾರನ ಹಿಂದೆ ಮೂರು ವರ್ಷ ಕುಳಿತು, 2008ರಲ್ಲಿ ಸ್ಥಾನ ಪಡೆದ. ಅವನೂ ಅಷ್ಟೇ ದೊಡ್ಡವನಾದ. ಅಂದಮೇಲೆ ಕೂರಿಸುವುದೋ ಇಳಿಸುವುದೋ ಎಂಬ ಒಂದೇ ಪ್ರಶ್ನೆಯಿಂದ ಏನೂ ತೀರ್ಮಾನವಾಗುವುದಿಲ್ಲ.

ನನಗೆ ಈ ಗಂಟು ಸ್ವಲ್ಪ ಸಡಿಲವಾದದ್ದು ಅಮೆರಿಕದಿಂದಲ್ಲ, ಗರಡಿಯಿಂದ. ನಮ್ಮ ಕಡೆಯ ಗರಡಿಮನೆಗಳ ಕ್ರಮವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಹೊಸ ಹುಡುಗ ಮೊದಲು ಮಣ್ಣು ಹದ ಮಾಡಬೇಕು, ದಂಡ ಬಸ್ಕಿ ಹೊಡೆಯಬೇಕು. ಆದರೆ ಅದೇ ದಿನಗಳಲ್ಲಿ ಹಿರಿಯ ಪೈಲ್ವಾನನೂ ಅವನ ಜೊತೆ ಮಣ್ಣಿಗಿಳಿದು, ಬೇಕೆಂದೇ ಹಿಡಿತ ಸಡಿಲಿಸಿ ಪಟ್ಟು ಕಲಿಸುತ್ತಾನೆ. ಕೂತು ನೋಡುವವರು ಯಾರೂ ಇಲ್ಲ. ಇನ್ನು ಪಂದ್ಯವೆಂದರೆ, ಉಸ್ತಾದರು ಹುಡುಗನನ್ನು ಸಿಕ್ಕವರ ಮುಂದೆ ನಿಲ್ಲಿಸುವುದಿಲ್ಲ. ಮೈಸೂರು ದಸರಾ ಕುಸ್ತಿಗೆ ಮುಂಚೆ 'ಜೋಡಿ ಕಟ್ಟುವ' ಕಾರ್ಯವೆಂದೇ ಒಂದು ದಿನ ನಡೆಯುತ್ತದೆ. (ಆ ದಸರಾವೂ 1610ರಲ್ಲಿ ಶುರುವಾದದ್ದು ನಮ್ಮ ಶ್ರೀರಂಗಪಟ್ಟಣದಲ್ಲೇ ಎಂಬುದನ್ನು ಮೈಸೂರಿನವರಿಗೆ ಆಗಾಗ ನೆನಪಿಸುವುದುಂಟು.) ತೂಕ, ಅನುಭವ, ಮೈಕಟ್ಟು ನೋಡಿ ಸರಿಸಮಾನರನ್ನು ಜೊತೆ ಮಾಡುತ್ತಾರೆ. ಊರ ಹಬ್ಬದ ಕುಸ್ತಿಯ ಭಿತ್ತಿಪತ್ರಗಳಲ್ಲಿ ಜೋಡಿಗಳ ಹೆಸರು ಮೊದಲೇ ಅಚ್ಚಾಗಿರುತ್ತದೆ. ಹುಡುಗನಿಗೆ ತಾನು ಯಾವತ್ತು ಇಳಿಯುತ್ತೇನೆ, ಎದುರಿಗೆ ಯಾರು ಎಂಬುದು ತಿಳಿದಿರುತ್ತದೆ. ಕಾಯುವ ಪ್ರತಿ ಬೆಳಗ್ಗೆಯೂ ಅವನು ಆ ದಿನಕ್ಕಾಗಿ ಬಸ್ಕಿ ಹೊಡೆಯುತ್ತಾನೆ.

ಇದನ್ನೇ ಈಗ ನಾನು ಕಬಡ್ಡಿಗೆ ಒಗ್ಗಿಸಿಕೊಂಡಿದ್ದೇನೆ. ತಾಲ್ಲೂಕು ಪಂದ್ಯಕ್ಕೆ ಮೊದಲು ಅಕ್ಕಪಕ್ಕದ ಶಾಲಾ ಕಾಲೇಜುಗಳೊಡನೆ ಸೋತರೂ ನಷ್ಟವಿಲ್ಲದ ನಾಲ್ಕೈದು ಪಂದ್ಯಗಳನ್ನು ಇಟ್ಟುಕೊಳ್ಳುತ್ತೇವೆ. ಬಸ್ ಚಾರ್ಜು ಮತ್ತು ಒಂದು ಹೊತ್ತಿನ ಚಿತ್ರಾನ್ನ, ಅಷ್ಟೇ ಖರ್ಚು. ಅಲ್ಲಿ ಆಡುವವರು ಹೊಸಬರು. ನೀರು ಕೊಡುವವರು ಹಳಬರು. ಮೊದಮೊದಲು ಹಳಬರು ಗೊಣಗಿದರು, ಕೆಲವರು ಈಗಲೂ ಗೊಣಗುತ್ತಾರೆ. ಸೋತದ್ದೂ ಬಹಳ, ಪಾಂಡವಪುರದ ಕಡೆಯ ಒಂದು ತಂಡವಂತೂ ನಮ್ಮನ್ನು ಮೂರು ವರ್ಷ ಬಿಡದೆ ಸೋಲಿಸಿದೆ.

ನಾನು ಶರ್ಟ್ ಕಾಯಿಸಿದ ಆ ಹುಡುಗ ಈಗ ಕೃಷ್ಣರಾಜಪೇಟೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ. ಹಿಂದಿನ ವರ್ಷ ಮಗಳನ್ನು ಕರೆದುಕೊಂಡು ಮೈದಾನಕ್ಕೆ ಬಂದ. ನಮಸ್ಕಾರ ಮಾಡಿ, ಅತ್ತಿತ್ತ ನೋಡಿ, ಒಂದೇ ಮಾತು ಕೇಳಿದ: "ಇವಳ್ನ ಯಾವತ್ತು ಇಳಿಸ್ತೀರಾ ಸಾ?"

ನಾನು ತಾರೀಖನ್ನೂ ಎದುರಾಳಿ ತಂಡದ ಹೆಸರನ್ನೂ ಹೇಳಿದೆ. ಅವನು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡ.