ಮನೆಯ ಸುತ್ತಲಿನ ಜೀವಿಗಳು : ಯಾವುದು ಮಿತ್ರ, ಯಾವುದು ಪೀಡೆ?

(ಬೂದಿಗೆರೆಯಲ್ಲಿ ರೈತರಿಗೆ ನೀಡಿದ ಉಪನ್ಯಾಸದ ಪಾಠ)



ದೇವನಹಳ್ಳಿ ತಾಲ್ಲೂಕಿನ ಈ ಭಾಗದಲ್ಲಿ ರೈತನ ಮನೆ ಎಂದರೆ ಬರಿಯ ವಾಸದ ಮನೆಯಲ್ಲ. ಒಂದು ಮಗ್ಗುಲಿಗೆ ದನದ ಕೊಟ್ಟಿಗೆ, ಇನ್ನೊಂದು ಮಗ್ಗುಲಿಗೆ ರಾಗಿ ಹುಲ್ಲಿನ ಮೆದೆ, ಹಿಂದೆ ಸೌದೆಯ ರಾಶಿ, ತಿಪ್ಪೆ, ಹಿತ್ತಲು. ಇಷ್ಟು ಜಾಗದಲ್ಲಿ ಮನೆಯವರು, ದನಕರುಗಳಲ್ಲದೆ ಇನ್ನೂ ಹತ್ತಾರು ಜೀವಿಗಳು ಬಾಳುತ್ತವೆ. ಇವುಗಳಲ್ಲಿ ಎರಡು ಗುಂಪುಗಳುಂಟು. ಇಲಿ, ಹೆಗ್ಗಣ, ಹಾವು, ಮುಂಗುಸಿ, ಗೂಬೆ, ಕೆಂಬೂತ ಇವು ತಲೆತಲಾಂತರದಿಂದ ಈ ಮಣ್ಣಿನಲ್ಲಿಯೇ ಇರುವಂಥವು. ಪಾರ್ಥೇನಿಯಂ ಕಳೆ, ಆಫ್ರಿಕಾದ ದೊಡ್ಡ ಬಸವನಹುಳು, ಪಪಾಯ ಹಿಟ್ಟು ತಿಗಣೆ ಇವು ಹೊರದೇಶಗಳಿಂದ ಬಂದು ಸೇರಿಕೊಂಡಂಥವು. ಹಾವು ಕಂಡ ಕೂಡಲೇ ದೊಣ್ಣೆ ಹುಡುಕುವ ರೈತನು, ಸಸಿಯ ಬುಡದ ಮಣ್ಣಿನಲ್ಲಿ ಮನೆಗೆ ಬಂದ ಬಸವನಹುಳುವನ್ನು ಗಮನಿಸುವುದಿಲ್ಲ. ಈ ಎರಡು ಗುಂಪುಗಳಿಗೆ ಇರುವ ವ್ಯತ್ಯಾಸವನ್ನು ತಿಳಿದುಕೊಳ್ಳುವುದು ಬೆಳೆಗೂ ಕ್ಷೇಮ, ಜೀವಕ್ಕೂ ಕ್ಷೇಮ.

ಇಲ್ಲಿಯೇ ಹುಟ್ಟಿ ಬೆಳೆದವು

ಇಲಿ, ಹೆಗ್ಗಣಗಳು ರೈತನ ಹಳೆಯ ಶತ್ರುಗಳು. ಮೂರು ವಾರದ ಗರ್ಭ, ಒಂದು ಸೂಲಿಗೆ ಆರೆಂಟು ಮರಿ. ಹೀಗೆ ಅವು ಬೆಳೆಯುವ ವೇಗ ಹೆಚ್ಚು. ಆದರೂ ಅವು ಊರನ್ನೇ ತಿಂದು ಮುಗಿಸಿಲ್ಲ. ಏಕೆಂದರೆ ಅವುಗಳ ಶತ್ರುಗಳೂ ಇಲ್ಲಿಯೇ ಇವೆ. ಕೇರೆಹಾವು ಇಲಿಯ ಬಿಲದೊಳಕ್ಕೇ ನುಗ್ಗಿ ಮರಿಗಳನ್ನು ತಿನ್ನುತ್ತದೆ. ಅದಕ್ಕೆ ವಿಷವಿಲ್ಲ. ಆದರೂ ನಾಗರವೆಂದು ತಿಳಿದು ಅದನ್ನು ಹೊಡೆಯುವವರೇ ಹೆಚ್ಚು. ಹಳೆಯ ಕಟ್ಟಡ, ಮರದ ಪೊಟರೆಗಳಲ್ಲಿ ವಾಸಿಸುವ ಕಣಜ ಗೂಬೆಯ ಮುಖ್ಯ ಆಹಾರ ಇಲಿಯೇ. ಅಪಶಕುನವೆಂದು ಅದನ್ನು ಓಡಿಸುವ ಮನೆಯವರು ಕೂಲಿಯಿಲ್ಲದೆ ದುಡಿಯುವ ಕಾವಲುಗಾರನನ್ನು ಓಡಿಸಿದಂತೆಯೇ.

ಇದರಿಂದ ತಿಳಿಯಬೇಕಾದುದೇನೆಂದರೆ, ಇಲ್ಲಿಯ ಪೀಡೆಗೆ ಇಲ್ಲಿಯದೇ ಕಡಿವಾಣವಿದೆ. ಆ ಕಡಿವಾಣವನ್ನು ನಾವೇ ಕಡಿದರೆ ಪೀಡೆ ಕೈಮೀರುತ್ತದೆ.

ನೆಲ ಬಿಟ್ಟು ಹೋದ ಜೀವಿ

ಒಂದೇ ಜೀವಿ ತನ್ನ ನೆಲದಲ್ಲಿ ಮಿತ್ರನಾಗಿದ್ದು ಬೇರೆ ನೆಲದಲ್ಲಿ ಪೀಡೆಯಾಗಬಹುದು. ಇಲಿ ಹಿಡಿಯುವ ಮುಂಗುಸಿಯನ್ನು ಕಬ್ಬಿನ ತೋಟದ ಇಲಿಗಳಿಗೆಂದು ೧೮೭೨ ರಲ್ಲಿ ಭಾರತದಿಂದ ಜಮೈಕಾ ದ್ವೀಪಕ್ಕೆ ಒಯ್ದರು. ಅಲ್ಲಿ ಅದು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನೂ ಸಾಕಿದ ಕೋಳಿಗಳನ್ನೂ ತಿಂದು ದೊಡ್ಡ ತೊಂದರೆಯಾಯಿತು. ನೇಗಿಲ ಹಿಂದೆ ಹುಳು ಆರಿಸುತ್ತ ನಡೆಯುವ ನಮ್ಮ ಗೊರವಂಕ ಹಕ್ಕಿಯನ್ನು ೧೮೬೨ ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನಿಗೆ ತಂದು ಬಿಟ್ಟರು. ಅದು ಅಲ್ಲಿಯ ಹಕ್ಕಿಗಳ ಪೊಟರೆಗಳನ್ನು ಕಸಿದುಕೊಂಡು, ಇಂದು ಅಲ್ಲಿಯ ಜನ ಬೇಡವೆನ್ನುವ ಹಕ್ಕಿಯಾಗಿದೆ. ಅದೇ ದೇಶದಲ್ಲಿ ಕಬ್ಬಿನ ದುಂಬಿಯ ಹತೋಟಿಗಾಗಿ ೧೯೩೫ ರಲ್ಲಿ ಅಮೆರಿಕಾ ಖಂಡದ ಮೂಲದ ದೊಡ್ಡ ನೆಲಗಪ್ಪೆಯನ್ನು ತಂದರು. ಕಪ್ಪೆ ದುಂಬಿಯನ್ನು ಹತೋಟಿಗೆ ತರಲಿಲ್ಲ. ಬದಲಿಗೆ ಅದರ ಮೈಯ ವಿಷದಿಂದ, ಅದನ್ನು ತಿನ್ನಹೋದ ಅಲ್ಲಿಯ ಹಾವು, ಉಡಗಳು ಸತ್ತವು.

ತಪ್ಪು ಮುಂಗುಸಿಯದೂ ಅಲ್ಲ, ಗೊರವಂಕದ್ದೂ ಅಲ್ಲ. ಹೊರಗಿನಿಂದ ಬಂದ ಜೀವಿಯ ಶತ್ರುಗಳು ಅದರ ತವರಿನಲ್ಲಿಯೇ ಉಳಿದುಬಿಡುತ್ತವೆ. ಹೊಸ ನೆಲದಲ್ಲಿ ಅದನ್ನು ತಡೆಯುವವರು ಕಡಿಮೆ.

ನಮ್ಮಲ್ಲಿಗೆ ಬಂದವು

ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಹುಲ್ಲು ಅಮೆರಿಕಾ ಖಂಡದ ಕಳೆ. ೧೯೫೫ ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಇದು ಇಂದು ಬೀಳು ಭೂಮಿ, ರಸ್ತೆಬದಿ, ಖಾಲಿ ನಿವೇಶನಗಳನ್ನೆಲ್ಲ ತುಂಬಿದೆ. ಇದರ ಸೋಂಕಿನಿಂದ ಅನೇಕರಿಗೆ ಚರ್ಮದ ಉರಿ, ತುರಿಕೆ, ಉಬ್ಬಸ ಬರುತ್ತವೆ. ಇದರ ಎಲೆ ತಿನ್ನುವ ಮೆಕ್ಸಿಕೋದ ದುಂಬಿಯನ್ನು ೧೯೮೩ ರಲ್ಲಿ ತರಿಸಿ, ಪರೀಕ್ಷಿಸಿ, ೧೯೮೪ ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಈ ಕಳೆಯ ಮೇಲೆ ಕಾಣುವ, ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳಿರುವ ದುಂಬಿ ಇದೇ. ಇದನ್ನು ಕೊಲ್ಲಬಾರದು.

ಪಪಾಯ ಹಿಟ್ಟು ತಿಗಣೆ ೨೦೦೮ ರಲ್ಲಿ ಕೊಯಮತ್ತೂರಿನಲ್ಲಿ ಕಂಡು, ಪಪಾಯ, ಹಿಪ್ಪುನೇರಳೆ ತೋಟಗಳನ್ನು ಹಾಳುಮಾಡಿತು. ೨೦೧೦ ರಲ್ಲಿ ಇದರ ತವರಿನ ಪರತಂತ್ರ ಜೀವಿಗಳನ್ನು ಪೋರ್ಟೊ ರಿಕೊದಿಂದ ತರಿಸಿ, ಬೆಂಗಳೂರಿನ ಹೆಬ್ಬಾಳದ ಕೇಂದ್ರೀಯ ಕೀಟ ಸಂಸ್ಥೆಯಲ್ಲಿ ಬೆಳೆಸಿ ಹಂಚಲಾಯಿತು. ಪೀಡೆ ಹತೋಟಿಗೆ ಬಂದಿತು. ಆಸ್ಟ್ರೇಲಿಯಾದ ಕಪ್ಪೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಕಪ್ಪೆ ಸಿಕ್ಕಿದ್ದನ್ನೆಲ್ಲ ತಿನ್ನುವ ಜೀವಿ. ಪರತಂತ್ರ ಜೀವಿಯನ್ನಾದರೋ ಬೇರೆ ಯಾವುದನ್ನೂ ಬಾಧಿಸುವುದಿಲ್ಲವೆಂದು ಪರೀಕ್ಷಿಸಿದ ಮೇಲೆಯೇ ಬಿಡಲಾಗುತ್ತದೆ. ಇದು ತಜ್ಞರ ಕೆಲಸ; ರೈತರು ತಾವಾಗಿಯೇ ಯಾವ ಜೀವಿಯನ್ನೂ ತಂದು ಬಿಡಬಾರದು.

ಆಫ್ರಿಕಾದ ಬಸವನಹುಳುವನ್ನು ೧೮೪೭ ರಲ್ಲಿ ಮಾರಿಷಸ್‌ನಿಂದ ಕಲ್ಕತ್ತಕ್ಕೆ ತರಲಾಯಿತು. ಅಲ್ಲಿಂದ ಅದು ಸಸಿ, ಕುಂಡ, ಮಣ್ಣು, ಗೊಬ್ಬರಗಳ ಜೊತೆ ದೇಶದ ಬಹುಭಾಗಕ್ಕೆ ಹರಡಿತು. ಸಾಬಕ್ಕಿಯ ಕಾಳಿನಂಥ ನೂರಾರು ಮೊಟ್ಟೆಗಳನ್ನು ಒಮ್ಮೆಗೇ ಮಣ್ಣಿನಲ್ಲಿಡುತ್ತದೆ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿ ಮಲಗಿ, ಮಳೆ ಬಿದ್ದೊಡನೆ ರಾತ್ರಿ ಹೊರಬಂದು ತರಕಾರಿ, ಹೂವು, ಹಿಪ್ಪುನೇರಳೆಯನ್ನು ಮೇಯುತ್ತದೆ. ನಮ್ಮ ಹಕ್ಕಿಗಳಲ್ಲಿ ಕೆಂಬೂತವು ಇದನ್ನು ಒಡೆದು ತಿನ್ನಲು ಕಲಿತಿದೆ. ಬೇಲಿಯ ಪೊದೆಗಳನ್ನು ಪೂರ್ತಿ ಸವರಿದರೆ ಕೆಂಬೂತಕ್ಕೆ ನೆಲೆಯಿಲ್ಲ.

ರೈತರು ಅನುಸರಿಸಬೇಕಾದ ಕ್ರಮಗಳು

೧. ಸೌದೆ, ಕಲ್ಲು, ಇಟ್ಟಿಗೆಯ ರಾಶಿಗಳನ್ನು ಮನೆಯ ಗೋಡೆಗೆ ತಾಗಿಸಿ ಇಡಬಾರದು. ಚೆಲ್ಲಿದ ಕಾಳು, ಕೋಳಿಯ ಆಹಾರಕ್ಕೆ ಇಲಿ ಬರುತ್ತದೆ. ಇಲಿಯ ಹಿಂದೆ ಹಾವು ಬರುತ್ತದೆ. ಹಾವು ಬೇಡವೆನ್ನುವವರು ಮೊದಲು ಇಲಿಗೆ ಅನ್ನ ಹಾಕುವುದನ್ನು ನಿಲ್ಲಿಸಬೇಕು.

೨. ಸಂಜೆ ಇಲಿಯ ಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚಬೇಕು. ಬೆಳಿಗ್ಗೆ ತೆರೆದಿರುವ ಬಿಲಗಳಲ್ಲಿ ಮಾತ್ರ ಇಲಿಯಿದೆ ಎಂದರ್ಥ. ೯೬ ಭಾಗ ನುಚ್ಚು, ೨ ಭಾಗ ಅಡಿಗೆ ಎಣ್ಣೆ, ೨ ಭಾಗ ಶೇ. ೦.೨೫ ರ ಬ್ರೊಮೊಡಯೋಲೋನ್ ಪುಡಿ ಬೆರೆಸಿ, ೧೫ ಗ್ರಾಂನಷ್ಟು ಪೊಟ್ಟಣವನ್ನು ಅಂಥ ಬಿಲದ ಒಳಗೇ ಇಡಬೇಕು. ಸತ್ತ ಇಲಿಗಳನ್ನು ಆರಿಸಿ ಹೂಳತಕ್ಕದ್ದು. ಇಲ್ಲವಾದರೆ ಅವನ್ನು ತಿಂದ ಗೂಬೆ, ಬೆಕ್ಕುಗಳೂ ಸಾಯುತ್ತವೆ.

೩. ಹೊರಗಿನಿಂದ ಸಸಿ, ಮಣ್ಣು, ಗೊಬ್ಬರ ತಂದಾಗ ಬಸವನಹುಳು, ಅದರ ಮೊಟ್ಟೆ ಇವೆಯೇ ಎಂದು ಹುಡುಕಬೇಕು. ಮೊದಲ ಮಳೆಯ ನಂತರ ಸಂಜೆ ಅಲ್ಲಲ್ಲಿ ಒದ್ದೆ ಗೋಣಿತಾಟು ಹಾಸಿ, ಅದರ ಕೆಳಗೆ ಪಪಾಯ ಎಲೆ ಅಥವಾ ಕೋಸಿನ ಎಲೆ ಇಟ್ಟರೆ ಹುಳುಗಳು ಸೇರುತ್ತವೆ. ಬೆಳಿಗ್ಗೆ ಅವನ್ನು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ ಕೊಂದು ಹೂಳಬೇಕು. ಉಪ್ಪನ್ನು ಬೆಳೆಯ ನೆಲಕ್ಕೆ ಸುರಿಯಬಾರದು. ಈ ಹುಳು ಮಿದುಳಿಗೆ ರೋಗ ತರುವ ಜಂತುವನ್ನು ಹೊತ್ತಿರಬಹುದಾದ್ದರಿಂದ ಬರಿಗೈಯಲ್ಲಿ ಮುಟ್ಟಬಾರದು. ಮಕ್ಕಳ ಕೈಗೆ ಕೊಡಬಾರದು. ಊರಿನವರೆಲ್ಲ ಒಂದೇ ವಾರದಲ್ಲಿ ಈ ಕೆಲಸ ಮಾಡಿದರೆ ಫಲ ಹೆಚ್ಚು.

೪. ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗ, ಕೈಚೀಲ ತೊಟ್ಟು ಬೇರುಸಹಿತ ಕೀಳಬೇಕು. ಹೂಬಿಟ್ಟ ಗಿಡವನ್ನು ತಿಪ್ಪೆಗೆ ಹಾಕಿದರೆ ಬೀಜವು ಗೊಬ್ಬರದೊಡನೆ ಹೊಲಕ್ಕೆ ಬರುತ್ತದೆ.

ಹಾವು ಕಡಿದಾಗ

ಹಾವನ್ನು ಉಳಿಸಿ ಎಂದರೆ ಅದರ ಅಪಾಯವನ್ನು ಮರೆಯಿರಿ ಎಂದರ್ಥವಲ್ಲ. ೨೦೦೦ ದಿಂದ ೨೦೧೯ ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ ೫೮ ಸಾವಿರ ಮಂದಿ ಹಾವಿನ ಕಡಿತದಿಂದ ಸತ್ತರೆಂದು ಅಂದಾಜು. ಅವರಲ್ಲಿ ಹೆಚ್ಚಿನವರು ಹಳ್ಳಿಯವರೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರಿಂದಲೇ ಹೆಚ್ಚಿನ ಸಾವುಗಳು. ರಾಗಿ ಕೊಯ್ಯುವಾಗ, ಮೆದೆಯಿಂದ ಹುಲ್ಲು ಹಿರಿಯುವಾಗ ಮೊದಲು ಕೋಲಿನಿಂದ ಸದ್ದು ಮಾಡಬೇಕು. ರಾತ್ರಿ ಕೊಟ್ಟಿಗೆಗೆ ಹೋಗುವಾಗ ಟಾರ್ಚು, ಕಾಲಿಗೆ ಬೂಟು ಇರಲಿ. ಕಪ್ಪು ಮೈಗೆ ಬಿಳಿ ಪಟ್ಟೆಗಳಿರುವ ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯುತ್ತದೆ. ನೋವು, ಗಾಯ ಹೆಚ್ಚಾಗಿ ಕಾಣುವುದೇ ಇಲ್ಲ. ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಜೋಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಂಚದ ಮೇಲೆ ಸೊಳ್ಳೆಪರದೆ ಕಟ್ಟಿ ಮಲಗುವುದು ಒಳ್ಳೆಯದು.

ಕಡಿತವಾದರೆ ಗಾಯ ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗ ಬಿಗಿಯಬಾರದು. ಉಂಗುರ, ಬಳೆ ತೆಗೆದು, ಕಡಿದ ಕೈಕಾಲು ಅಲುಗದಂತೆ ಇಟ್ಟು, ೧೦೮ ವಾಹನಕ್ಕೆ ಕರೆಮಾಡಿ, ವಿಷ ನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. ಮಂತ್ರ, ನಾಟಿ ಮದ್ದು, ಹಾವು ಹುಡುಕುವುದು ಇವುಗಳಲ್ಲಿ ಕಳೆಯುವ ಒಂದೊಂದು ನಿಮಿಷವೂ ರೋಗಿಯ ಆಯುಸ್ಸಿನದು. ಕರ್ನಾಟಕ ಸರ್ಕಾರವು ೨೦೨೪ ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಮನೆಯೊಳಗೆ ಹಾವು ಬಂದರೆ ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಬೇಕು.

ಬೂದಿಗೆರೆಯ ಸುತ್ತ ಹೊಲಗಳು ಬಡಾವಣೆಗಳಾಗುತ್ತಿವೆ. ಖಾಲಿ ನಿವೇಶನಗಳಲ್ಲಿ ಪಾರ್ಥೇನಿಯಂ ಬೆಳೆಯುತ್ತದೆ. ಬದು, ಪೊದೆ ಕಳೆದುಕೊಂಡ ಹಾವು, ಗೂಬೆಗಳು ಮನೆಗಳ ಹತ್ತಿರ ಬರುತ್ತವೆ. ಮುಂದೆ ಇವುಗಳ ಮುಖಾಮುಖಿ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. ಆದುದರಿಂದ ರೈತರು ಕೈಗೆ ದೊಣ್ಣೆ ತೆಗೆದುಕೊಳ್ಳುವ ಮೊದಲು, ಎದುರಿಗಿರುವುದು ಇಲ್ಲಿಯದೋ ಹೊರಗಿನದೋ, ಅದು ಏನನ್ನು ತಿಂದು ಬದುಕುತ್ತದೆ ಎಂದು ವಿಚಾರಮಾಡಬೇಕು. ಗುರುತು ಸಿಗದ ಹೊಸ ಹುಳು, ಹೊಸ ಕಳೆ ಕಂಡರೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಕೂಡಲೇ ತಂದು ತೋರಿಸಬೇಕು.